ಮಾತ್ರೆಯ ನಡುಪಟ್ಟಿ

ಅಕ್ಕ ಹಾಕಿದ ಹೊಲಿಗೆ ಬಟ್ಟೆ ಹರಿದರೂ ಬಿಚ್ಚಿಕೊಳ್ಳುವುದಿಲ್ಲ ಎಂದು ಅವಳ ಹೊಲಿಗೆ ಅಂಗಡಿಗೆ ಬರುವವರು ಹೇಳುತ್ತಿದ್ದರು. ಆ ಹೊಲಿಗೆಯೇ ಕೊನೆಗೆ ಮುಳುವಾಯಿತು.

ತಂಗಿಗೆ ಮೂಳೆಯ ಕ್ಯಾನ್ಸರ್. ಕಣ್ಣು ಮುಚ್ಚುವ ಮೊದಲು ಪರದೇಶದಲ್ಲಿರುವ ಮಗಳ ಕೂಸನ್ನು ಒಮ್ಮೆ ಮಡಿಲಿಗೆ ಹಾಕಿಕೊಳ್ಳಬೇಕು, ಅಷ್ಟೇ ಅವಳ ಆಸೆ. ನೋವಿಗೆ ಕೊಟ್ಟ ಮಾತ್ರೆ ಬಲು ಕಟ್ಟುನಿಟ್ಟಿನದು, ಡಾಕ್ಟರ ಚೀಟಿಯಿಲ್ಲದೆ ಯಾರೂ ಮಾರುವುದಿಲ್ಲ. ಡಬ್ಬಿಯಿಂದ ತೆಗೆಯಬೇಡಿ ಎಂದು ಔಷಧಿ ಅಂಗಡಿಯವನು ಹೇಳಿಯೇ ಇದ್ದ. ತಂಗಿಯ ಜೊತೆಗೆ ಹೊರಟಿದ್ದ ಅಕ್ಕನಿಗೆ ರಟ್ಟಿನ ಡಬ್ಬಿಯ ಮೇಲೆ ನಂಬಿಕೆ ಬರಲಿಲ್ಲ. ಚೀಲ ಕಳೆದುಹೋದರೆ? ಮಾತ್ರೆಗಳನ್ನೆಲ್ಲ ಬಿಡಿಸಿ, ಮೆತ್ತನೆಯ ನಡುಪಟ್ಟಿ ಹೊಲಿದು, ಹೊತ್ತುಹೊತ್ತಿಗೊಂದು ಪುಟ್ಟ ಜೇಬು ಮಾಡಿ ತಂಗಿಯ ಸೊಂಟಕ್ಕೆ ಕಟ್ಟಿದಳು.

“ಈ ವಯಸ್ಸಲ್ಲಿ ಬಸುರಿ ಥರ ಕಾಣ್ತೀನಿ ಕಣಕ್ಕ,” ಎಂದು ತಂಗಿ ನಕ್ಕಿದ್ದಳು.

ವಿಮಾನ ಬದಲಿಸುವ ನಡುವಿನ ದೇಶದಲ್ಲಿ, ತಪಾಸಣೆಯವಳ ಕೈಗೆ ಪಟ್ಟಿ ಸಿಕ್ಕಿತು. ಕನ್ನಡದವಳೇ ಆಗಿದ್ದ ಅವಳು ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದೊಯ್ದಳು.

“ಚೀಟಿ ಸರಿಯಾಗೇ ಇದೆ. ಇದು ಅದೇ ಮಾತ್ರೆ ಅಂತ ಹೆಂಗೆ ನಂಬೋದು? ಡಬ್ಬಿ ಎಲ್ಲಿ?”

“ಮನೇಲೇ ಬಿಸಾಕ್ದೆ,” ಎಂದಳು ಅಕ್ಕ.

“ಚೀಟಿ ಇದ್ದೋರು ಯಾಕಜ್ಜಿ ಸೊಂಟದಲ್ಲಿ ಬಚ್ಚಿಡ್ತಾರೆ?”

“ಬಚ್ಚಿಟ್ಟಿದ್ದಲ್ಲ ತಾಯಿ. ಜೋಪಾನ ಮಾಡಿದ್ದು.”

ತಪಾಸಣೆಯವಳೇನೂ ಕೆಟ್ಟವಳಲ್ಲ. ಗಾಲಿಕುರ್ಚಿಯಲ್ಲಿ ಮುದುಡಿದ್ದ ತಂಗಿಯನ್ನು ನೋಡಿ, ಒಳಗೆ ಹೋಗಿ ಮೇಲಿನವರನ್ನು ಕೇಳಿಕೊಂಡು ಬಂದಳು.

“ನಿಮ್ಮನ್ನ ಬಿಡ್ತೀವಿ. ಮಾತ್ರೆ ಬಿಡಕ್ಕಾಗಲ್ಲ. ಬೇಕಾದ್ರೆ ಇಲ್ಲಿನ ಆಸ್ಪತ್ರೆಗೆ ಸೇರಿಸ್ತೀವಿ.”

“ಬೇಡ,” ಎಂದಳು ತಂಗಿ. “ಆಸ್ಪತ್ರೆ ಸೇರಿದ್ರೆ ನಾನು ಮತ್ತೆ ಏಳಲ್ಲ.”

ತಪಾಸಣೆಯವಳ ಕತ್ತರಿಗೆ ಹೊಲಿಗೆ ಬಗ್ಗಲಿಲ್ಲ. ಕೊನೆಗೆ ಅಕ್ಕನೇ ಕತ್ತರಿ ಇಸಿದುಕೊಂಡು, ತಾನೇ ಹಾಕಿದ ಎಳೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮಾತ್ರೆಗಳು ತಟ್ಟೆಗೆ ಬಿದ್ದವು. ಬರಿದಾದ ಪಟ್ಟಿಯನ್ನು ಅವಳ ಕೈಗೇ ಕೊಟ್ಟರು.

ವಿಮಾನದ ಬಾಗಿಲ ಬಳಿ ಸಾಲು ನಿಂತಿತ್ತು. ತಂಗಿಯ ಬೆರಳುಗಳು ಕುರ್ಚಿಯ ಹಿಡಿಯನ್ನು ಹಿಂಡತೊಡಗಿದವು.

“ಶುರುವಾಯ್ತಾ?”

“ಹೂಂ. ಕೂಗ್ಕೊಂಡ್ರೆ ಹತ್ತಿಸ್ಕೊಳ್ಳಲ್ಲ, ಅಲ್ವಾ?”

ಇನ್ನು ಇಡೀ ಒಂದು ರಾತ್ರಿಯ ಹಾರಾಟವಿತ್ತು. ಅಕ್ಕ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ತಂಗಿಯ ಹಲ್ಲುಗಳ ನಡುವೆ ಇಟ್ಟಳು. ಯಾರಿಗೂ ಕಾಣದಂತೆ ಸೆರಗನ್ನು ಅವಳ ಮುಖದ ಮೇಲೆಳೆದು, ಕುರ್ಚಿಯನ್ನು ಮುಂದಕ್ಕೆ ತಳ್ಳಿದಳು.