ಮುದ್ದೆಯೊಳಗಿನ ಬೂದಿ

ಕುಂದಾಣದ ಹತ್ತಿರ, ವಿಮಾನ ನಿಲ್ದಾಣಕ್ಕೂ ದೂರವಿಲ್ಲದ ಒಂದು ಊರು. ಅಲ್ಲಿ ಆಂಜಿನಪ್ಪನವರ ಮಗ ನಂದೀಶ ಮನೆಯ ಊಟ ಬಿಟ್ಟಿದ್ದ. ಸಿಪ್ಪೆ ಇರುವುದನ್ನು ಮಾತ್ರ ತಿನ್ನುತ್ತಿದ್ದ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆಕಾಯಿ. ಅದನ್ನೂ ತಾನೇ ಸುಲಿದುಕೊಳ್ಳಬೇಕು. ದ್ರಾಕ್ಷಿ ತೋಟದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದವನಿಗೆ ಈಗ ಅಂಗಿ ಜೋಲುತ್ತಿತ್ತು.

"ಮೇಲೆ ಹೋಗೋ ವಿಮಾನಗಳು ನನ್ನೇ ನೋಡ್ತಾವೆ. ಅವರೇ ಹೇಳಿ ಊಟಕ್ಕೆ ವಿಷ ಹಾಕಿಸ್ತಾರೆ" ಎನ್ನುತ್ತಿದ್ದ. ಯಾರೋ ಅವರು ಅಂದರೆ, "ಅವರು" ಅನ್ನುತ್ತಿದ್ದ. ಅಷ್ಟೇ.

ಆಶಾ ಕಾರ್ಯಕರ್ತೆ ದಿವ್ಯ ಮನೆಗೆ ಬಂದಾಗ ಆಂಜಿನಪ್ಪ ಜಗುಲಿಯ ಮೇಲೆ ಹೊಸ ಹಗ್ಗ ಸುತ್ತುತ್ತಿದ್ದರು.

"ಹಸು ತಂದ್ರೇನಣ್ಣ?"

"ಹಸುಗಲ್ಲ ಕಣಮ್ಮ, ಮಗಂಗೆ. ನಾಳೆ ಗಾಳಿ ಬಿಡಿಸೋರ ಹತ್ರ ಕರ್ಕೊಂಡ್ ಹೋಗ್ತೀವಿ. ಕಟ್ಟಿ ಹಾಕಿದ್ರೇನೇ ಇಳಿಯೋದು ಅಂದವ್ರೆ."

"ಕಾಯಿಲೆಗೆ ಹಗ್ಗಾನಾ? ಆಸ್ಪತ್ರೆಗೆ ತೋರ್ಸೋಣ ನಡೀರಿ."

"ಜ್ವರಾನಾ, ಕೆಮ್ಮಾ, ಆಸ್ಪತ್ರೆಯೋರು ನೋಡೋಕೆ? ಹೆತ್ತ ತಾಯಿ ವಿಷ ಹಾಕ್ತಾಳೆ ಅಂತ ಯಾವ ಮಗ ಅಂತಾನೆ? ಇದು ಗಾಳೀನೇ."

ಒಳಗಿನಿಂದ ತಾಯಿ ಮುನಿವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ನಾನೇ ಹಾಕ್ದೆ ಕಣೇ ದಿವ್ಯಾ."

"ಏನ್ ಹಾಕ್ದ್ರಿ ಅಕ್ಕ?"

"ಗಾಳಿ ಬಿಡಿಸೋರು ಮಂತ್ರಿಸಿ ಕೊಟ್ಟ ಬೂದಿ. ಅವ್ನಿಗೆ ತಿಳೀದಂಗೆ ಮುದ್ದೆ ಒಳಗಿಟ್ಟು ಕೊಡು ಅಂದ್ರು. ಅಲ್ಲೀವರ್ಗೂ ಅನುಮಾನ ಪಟ್ರೂ ತಿಂತಿದ್ದ. ಆವತ್ತು ಮುದ್ದೆ ಮುರಿದ, ಬೂದಿ ಕಾಣಿಸ್ತು. ನನ್ ಮುಖ ನೋಡ್ದ. ಬೈಲಿಲ್ಲ. ಎದ್ದು ಹೋದ. ಆವತ್ತಿಂದ ನನ್ ಕೈಯಿನ ನೀರೂ ಮುಟ್ಟಿಲ್ಲ."

ದಿವ್ಯ ಗದರಲಿಲ್ಲ. "ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಅವನ ಭಯಕ್ಕೆ ನೀವೇ ಸಾಕ್ಷಿ ಕೊಟ್ಟಂಗಾಯ್ತಲ್ಲಕ್ಕ" ಎಂದಳು.

"ಎಲ್ಲಾ ಈ ಕಾಲದ ರೋಗ. ನಮ್ ಕಾಲ್ದಲ್ಲಿ ಎಲ್ಲಿತ್ತು?" ಎಂದರು ಆಂಜಿನಪ್ಪ.

"ಯಾವ ಕಾಲ್ದಲ್ಲಿ ಇರ್ಲಿಲ್ಲ ಅಣ್ಣ? ಆರುನೂರು ವರ್ಷದ ಹಿಂದೆ ಫ್ರಾನ್ಸ್ ದೇಶದ ಒಬ್ಬ ರಾಜ ತನ್ನ ಮೈ ಗಾಜಿಂದು ಅಂತ ನಂಬಿದ್ನಂತೆ. ಮುಟ್ಟಬೇಡಿ, ಒಡೆದೋಗ್ತೀನಿ ಅಂತಿದ್ನಂತೆ."

"ಹೊಟ್ಟೆ ತುಂಬಿದ ರಾಜ, ಕೆಲಸ ಇರ್ಲಿಲ್ಲ ಬಿಡು."

"ನಗ್ಬೇಡಿ ಅಣ್ಣ. ಗಾಜು ಅಪರೂಪ ಆಗಿದ್ದಾಗ ಗಾಜಿನ ಭಯ. ರೇಡಿಯೋ ಬಂದಾಗ ರೇಡಿಯೋ ಭಯ. ಈಗ ವಿಮಾನ, ಮೊಬೈಲು. ಭಯ ವೇಷ ಬದಲಾಯಿಸ್ತದೆ, ಕಾಯಿಲೆ ಹಳೇದೇ."

ಆಂಜಿನಪ್ಪನವರ ಕೈ ನಿಂತಿತು. "ರೇಡಿಯೋ ಅಂದ್ಯಾ? ನಮ್ ಚಿಕ್ಕಪ್ಪ... ವಾರ್ತೆ ಬಂದ್ರೆ ಸಾಕು, ನನ್ ಹೆಸರು ಕೂಗ್ತಾವ್ರೆ ಅಂತ ಓಡೋನು. ಕೊಟ್ಟಿಗೆ ಕಂಬಕ್ಕೆ ಕಟ್ಟಿದ್ರು. ನೀರು ಕೊಡೋಕ್ ಹೋದ್ರೆ, 'ಬಿಚ್ಚೋ ಆಂಜಿ' ಅನ್ನೋನು. ಅಲ್ಲೇ ಸತ್ತೋದ."

ಆಂಜಿನಪ್ಪ ಹಗ್ಗವನ್ನು ಜಗುಲಿಯಿಂದ ಕೆಳಕ್ಕೆ ತಳ್ಳಿದರು.

"ಆಸ್ಪತ್ರೇಲಿ ಮಾತ್ರೆ ಕೊಟ್ರೆ ಸಾರಲ್ಲಿ ಕಲಸಿ ಕೊಡ್ಲಾ?" ಮುನಿವೆಂಕಟಮ್ಮ ಕೇಳಿದರು.

"ಅಯ್ಯೋ, ಮತ್ತೆ ಅದೇ ತಪ್ಪು! ಇನ್ನೇನೂ ಮುಚ್ಚಿ ಕೊಡ್ಬೇಡಿ. ವಿಮಾನ ನೋಡ್ತಿಲ್ಲ ಅಂತ ಜಗಳಾನೂ ಬೇಡ, ನೋಡ್ತಾವೆ ಅಂತ ಹೂಂಗುಟ್ಟೋದೂ ಬೇಡ. ಮೊದಲು ಹೋಗಿ ನಿಜ ಹೇಳಿ."

ಕಿಟಕಿ ಮುಚ್ಚಿದ ಕೋಣೆಯಲ್ಲಿ ನಂದೀಶ ಗೋಡೆಗೆ ಒರಗಿ ಕೂತಿದ್ದ. ತಾಯಿ ಹೊಸಿಲಲ್ಲೇ ಕೂತರು, ಹಿಂದೆ ದಿವ್ಯ, ಆಂಜಿನಪ್ಪ ನಿಂತರು.

"ಮಗಾ, ಮುದ್ದೇಲಿ ಬೂದಿ ಇಟ್ಟಿದ್ದು ನಾನೇ. ವಿಷ ಅಲ್ಲ ಕಣೋ. ಆದ್ರೆ ನಿನಗೆ ಹೇಳ್ದೆ ಇಟ್ಟೆ. ತಪ್ಪಾಯ್ತು. ಇನ್ನು ನಿನಗೆ ಹೇಳ್ದೆ ಏನೂ ಮಾಡಲ್ಲ."

ಅವನು ತಾಯಿಯ ಕಡೆ ತಿರುಗಿ ಕೂತ.

"ನಿದ್ದೆ ಮಾಡ್ತೀಯೇನಪ್ಪಾ?" ದಿವ್ಯ ಮೆಲ್ಲಗೆ ಕೇಳಿದಳು.

"ಇಲ್ಲಕ್ಕ. ಭಯ ಆಗ್ತದೆ."

"ಡಾಕ್ಟ್ರ ಹತ್ರ ಹೋಗೋಣ. ಯಾವ ಮಾತ್ರೆ, ಯಾಕೆ ಅಂತ ನೀನೇ ಕೇಳು."

ನಂದೀಶ ಅಪ್ಪನ ಕಡೆ ತಿರುಗಿದ. "ಕಟ್ಟಲ್ವಾ?"

"ಇಲ್ಲ ಕಣೋ." ಎಂದರು ಆಂಜಿನಪ್ಪ.

ಮಾರನೇ ದಿನ ನಾಲ್ವರೂ ತಾಲ್ಲೂಕು ಆಸ್ಪತ್ರೆಗೆ ಹೋದರು. ಇದು ಮಿದುಳಿನ ಕಾಯಿಲೆ, ಚಿಕಿತ್ಸೆ ಇದೆ ಎಂದು ಮನೋವೈದ್ಯರು ನಂದೀಶನಿಗೇ ಹೇಳಿದರು. ಒಂದೇ ಸಲಕ್ಕೆ ಏನೂ ಆಗಲಿಲ್ಲ. ಮೊದಲ ಮಾತ್ರೆ ಮೈ ಭಾರ ಮಾಡಿತು, ವೈದ್ಯರು ಬದಲಿಸಿದರು. ನಿದ್ದೆ ಬಂತು. ಆಮೇಲೆ ಹಸಿವು ಬಂತು. ಈಗ ಅರ್ಧ ದಿನ ತೋಟಕ್ಕೆ ಹೋಗುತ್ತಾನೆ. ಒಮ್ಮೊಮ್ಮೆ ಇನ್ನೂ ವಿಮಾನದ ಸದ್ದಿಗೆ ನಿಂತುಬಿಡುತ್ತಾನೆ. ಆಗ ಅಪ್ಪ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೆದರಿ ಮೂಲೆ ಸೇರಿದ್ದಾರೆಯೇ? ಅದು ಅವರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಕಟ್ಟಬೇಡಿ, ಹೊಡೆಯಬೇಡಿ. ಸ್ವಲ್ಪ ಗುಣವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಏನು ಮಾಡಬೇಕೋ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲಾಗಲಿ ರಾತ್ರಿಯಾಗಲಿ, ದುಡ್ಡು ಕೊಡದೆ ಕನ್ನಡದಲ್ಲೇ ಮಾತಾಡಬಹುದು. ದೇವರಿಗೆ ಹರಕೆ ಹೊರುವುದಿದ್ದರೆ ಹೊತ್ತುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆಸ್ಪತ್ರೆಗೆ ಹೊರಡುವುದನ್ನು ಮಾತ್ರ ನಾಳೆಗೆ ಇಡಬೇಡಿ.