ಲತಾಮಣಿಯ ಆರು ವರ್ಷ ಎಲ್ಲಿ?

ಹಾರೋಹಳ್ಳಿಯ ಕಾರ್ಖಾನೆಗೆ ಲತಾಮಣಿ ಎರಡು ಸಲ ಅರ್ಜಿ ಹಾಕಿದ್ದಳು. ಹೂಂ ಇಲ್ಲ, ಉಹೂಂ ಇಲ್ಲ. ಈಗ ಮತ್ತೆ ಕ್ವಾಲಿಟಿ ಚೆಕಿಂಗ್‌ಗೆ ಜನ ಬೇಕಂತೆ. ಶನಿವಾರವೇ ಕೊನೆಯ ದಿನ.

"ಈ ಸಲವೂ ಕರೀನಿಲ್ಲ ಅಂದ್ರೆ ಸುಮ್ಕೆ ಮನೇಲಿರವ್ವ," ಎಂದ ಅಪ್ಪ ಬೈರಪ್ಪ. "ಬರೀ ಬಯೋಡೇಟಾ ಪೇಪರ್ ನೋಡಿ ಯಾರ್ ಕೆಲ್ಸ ಕೊಟ್ಟಾರು? ತಡಿ, ಪಂಚಾಯ್ತಿ ಮೆಂಬರ್ ತಾವ ಒಂದು ಲೆಟರ್ ಈಸ್ಕೊಂಡ್ ಬತ್ತೀನಿ."

"ಯಾರ ಲೆಟರೂ ಬ್ಯಾಡ ಕಣಪ್ಪಾ!" ಲತಾಮಣಿಗೆ ಮೈಯೆಲ್ಲ ಉರಿಯಿತು.

ಸಂಜೆ ಅಸ್ರಾ ಬಂದಳು. ಕನಕಪುರದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಇವಳ ಜೊತೆ ಗೂಡು ಆರಿಸುತ್ತಿದ್ದವಳು, ಈಗ ಹಾರೋಹಳ್ಳಿಯಲ್ಲೇ ಕೆಲಸ. ಹಳೆಯ ಬಯೋಡೇಟಾ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಜಾತಿ, ನಕ್ಷತ್ರ, ಎತ್ತರ, ಬಣ್ಣ! ಅಯ್ಯೋ ಲತಾ, ಇದು ಗಂಡಿನ ಮನೆಯೋರ್ಗೆ ಕೊಡೋದು ಕಣೇ! ಕಾರ್ಖಾನೆಯೋರು ನಿನ್ನ ಮದ್ವೆ ಆಯ್ತಾರಾ?"

ಜೆರಾಕ್ಸ್ ಅಂಗಡಿಯ ಲೋಕೇಶ ಊರಿಗೆಲ್ಲ ಅದೇ ಒಂದು ನಮೂನೆಯಲ್ಲಿ ಹೆಸರು ಬದಲಿಸಿ ಕೊಡುತ್ತಿದ್ದ. ಫೋನ್ ನಂಬರೂ ಅಪ್ಪನದು. ಅಪ್ಪನೋ, ಗೊತ್ತಿಲ್ಲದ ನಂಬರ್ ಬಂದರೆ ಎತ್ತುವ ಪೈಕಿಯೇ ಅಲ್ಲ!

"ನಿನ್ ನಂಬರ್ ಹಾಕು," ಎಂದಳು ಅಸ್ರಾ. "ಅದಿರ್ಲಿ, ಆರು ವರ್ಸ ಗೂಡು ಆರಿಸಿದ್ದು ಎಲ್ಲೈತೆ ಇದ್ರಲ್ಲಿ?"

"ಅದೂ ಒಂದು ಕೆಲ್ಸವಾ?" ಬೈರಪ್ಪ ನಡುವೆ ಬಾಯಿ ಹಾಕಿದ.

ಲತಾಮಣಿ ಧಡಕ್ಕನೆ ಎದ್ದು ನಿಂತಳು. "ಯಾಕಪ್ಪಾ, ಕೆಲ್ಸ ಅಲ್ವಾ? ನಿಂತೂ ನಿಂತೂ ಕಾಲು ಊದಿದ್ದು ಯಾರ್ದು? ತೂತು ಬಿದ್ದಿದ್ದು, ಕಲೆ ಆಗಿದ್ದು, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು, ಎಲ್ಲಾ ಕಣ್ಣಲ್ಲೇ ಹಿಡೀತಿದ್ದೆ. ನಾನ್ ಆರಿಸಿದ್ಮೇಲೆ ಯಜಮಾನ್ರು ಇನ್ನೊಂದ್ಸಲ ನೋಡ್ತಾನೇ ಇರ್ನಿಲ್ಲ!"

"ಚೆಕಿಂಗ್ ಅಂದ್ರೆ ಇದೇ ಕಣೇ!" ಅಸ್ರಾ ತೊಡೆ ತಟ್ಟಿದಳು. "ಎಲ್ಲಿ, ಎಷ್ಟು ವರ್ಸ, ಏನ್ ಮಾಡ್ತಿದ್ದೆ, ಅದ್ನೇ ಮೊದ್ಲು ಬರಿ. ಆಮೇಲೆ ಓದಿದ್ದು ಬರಿ. ಒಂದೇ ಹಾಳೆ ಸಾಕು. ಜಾತಿ, ನಕ್ಷತ್ರ ಹೊಡೆದಾಕು."

ಬೆಳಿಗ್ಗೆ ಅಂಗಡಿಯಲ್ಲಿ ಲೋಕೇಶ ಕೇಳಿದ: "ಕಂಪ್ಯೂಟರ್ ಕೋರ್ಸ್ ಅಂತ ಒಸಿ ಸೇರಿಸ್ಬುಡ್ಲಾ ಅಕ್ಕಾ? ಎಲ್ರೂ ಹಾಕಿಸ್ತಾರೆ."

"ಕಲೀದೆ ಇರೋದ್ನ ಬರ್ಯಕಿಲ್ಲ, ಮಾಡಿರೋದ್ನ ಬುಡಕಿಲ್ಲ. ನಾನ್ ಹೇಳ್ದಂಗೆ ಟೈಪ್ ಮಾಡು!"

ಅವತ್ತೇ ಅರ್ಜಿ ಹಾಕಿ ಬಂದಳು. ಮುಂದಿನ ಬುಧವಾರ ಅವಳದೇ ಫೋನ್ ಬಡಿದುಕೊಂಡಿತು. ಹಾರೋಹಳ್ಳಿಯಿಂದ!

ಸಂದರ್ಶನದಲ್ಲಿ ಸಾಹೇಬರು ಹಾಳೆ ಓದಿ, "ಗೂಡು ಆರಿಸೋದಕ್ಕೂ ನಮ್ಮ ಕೆಲಸಕ್ಕೂ ಏನಮ್ಮ ಸಂಬಂಧ?" ಎಂದರು. ಮೇಜಿನ ಮೇಲೆ ಒಂದು ತಟ್ಟೆ ತುಂಬ ಪ್ಲಾಸ್ಟಿಕ್ ಮುಚ್ಚಳಗಳಿದ್ದವು. ಲತಾಮಣಿ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು. ಒಂದೊಂದಾಗಿ ತಿರುಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದ ಮೂರನ್ನು ತೆಗೆದು ಪಕ್ಕಕ್ಕಿಟ್ಟಳು.

"ಇವು ಆಗಕಿಲ್ಲ ಸಾರ್. ಇದೇ ಸಂಬಂಧ."

ಸೋಮವಾರದಿಂದ ಬಾ ಎಂದರು.

ಅವಳು ಮನೆಗೆ ಬಂದಾಗ, ಫೋನಿನಲ್ಲೇ ಸುದ್ದಿ ಕೇಳಿದ್ದ ಬೈರಪ್ಪ ಹೊಸ ಪಂಚೆ ಉಟ್ಟು ಹೊರಟು ನಿಂತಿದ್ದ. "ಲತಾ, ಆ ಹಾಳೇದು ಒಂದು ಜೆರಾಕ್ಸ್ ಕೊಡವ್ವ."

"ಯಾಕಪ್ಪಾ?"

"ಮೆಂಬರ್‌ಗೆ ತೋರಿಸ್ಬೇಕು. ಲೆಟರ್ ಬ್ಯಾಡ, ನನ್ ಮಗಳ ಕೆಲ್ಸನೇ ಸಾಕು ಅಂತ ಹೇಳ್ಬತ್ತೀನಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬಯೋಡೇಟಾವನ್ನು ಇವತ್ತೇ ತೆಗೆದು ನೋಡಿ. ನೀವು ದುಡಿದ ವರ್ಷಗಳು ಅದರಲ್ಲಿ ಇವೆಯೇ? ಇಲ್ಲದಿದ್ದರೆ ಹರಿದುಹಾಕಿ, ಹೊಸದು ಬರೆಯಿರಿ. ಸುಳ್ಳು ಒಂದಕ್ಷರವೂ ಬೇಡ. ಆದರೆ ನಿಮ್ಮ ಕೆಲಸವನ್ನು ಕೆಲಸವಲ್ಲ ಎನ್ನಲು ಯಾರನ್ನೂ ಬಿಡಬೇಡಿ.