ಕೋಳಿಗೆ ತಂದ ಪುಡಿ

ಬಸಣ್ಣನ ಕೈಗುಣ ದೊಡ್ಡದು ಅಂತ ಅಕ್ಕಲಕೋಟ ಸೀಮಿಯೊಳಗ ಮಾತಿತ್ತು. ಅವನ ಶೆಡ್ಡಿನ್ಯಾಗ ಕೋಳಿ ಸಾಯೂದೇ ಇಲ್ಲ ಅಂತಿದ್ರು. ಕೈಗುಣ ಎಲ್ಲೀದು, ಮಣ್ಣು! ಎಲ್ಲಾ ಆ ಪುಡಿ ಮಾಡಿದ್ದು. ಕೊಲಿಸ್ಟಿನ್ ಅಂತ ಅದರ ಹೆಸರು. ಕೋಳಿಗೆ ಹಾಕಬ್ಯಾಡ್ರಿ ಅಂತ ಸರಕಾರ ಬಂದ್ ಮಾಡಿದ ಮ್ಯಾಲೂ ಡಬ್ಬಿ ಮುಚ್ಚಿಟ್ಟು ಕಾಳಿನ್ಯಾಗ ಕಲಸತಿದ್ದ. ಹೆಂಡತಿ ಇಂದುಬಾಯಿಗೆ ಹೊಟ್ಟಿ ಕೆಟ್ಟಾಗೆಲ್ಲ ಒಂದು ಚಿಟಿಕಿ ಮಜ್ಜಿಗ್ಯಾಗ ಹಾಕಿ ಕೊಡತಿದ್ದ. ಕೋಳಿಗೆ ಆದದ್ದು ಮನಷ್ಯಾಗ ಯಾಕ ಆಗಬಾರದು ಅನ್ನೂ ಶಾಣ್ಯಾತನ ಅವಂದು.

ಈ ಸಲ ಅಕಿಗೆ ಮೂತ್ರದ ಸೋಂಕು ಆಗಿ ನಂಜು ರಕ್ತಕ್ಕ ಏರಿತು. ಸೊಲ್ಲಾಪುರದ ದವಾಖಾನಿಗೆ ಹಾಕಿದ್ರು. ಐದು ದಿನದಾಗ ಮೂರು ನಮೂನಿ ಇಂಜೆಕ್ಷನ್ ಆದ್ವು, ಜ್ವರ ಇಳೀಲಿಲ್ಲ.

ಆರನೇ ದಿನ ಡಾಕ್ಟರ್ ಸಾರಿಕಾ ಹಾಸಿಗಿ ಹತ್ರ ಬಂದು ಮರಾಠಿಯೊಳಗ ಬಿಡಿಸಿ ಹೇಳಿದ್ರು. ಇನ್ನ ಕೈಯಾಗ ಇರೂದು ಕೊಲಿಸ್ಟಿನ್ ಒಂದೇ. ಪೆಪ್ಟೈಡ್ ಅಂತಾರ, ಪ್ರೋಟೀನಿನ ಸಣ್ಣ ತುಣುಕು ಇದ್ದಂಗ, ರೋಗದ ಹುಳದ ಹೊರಗಿನ ಪೊರಿ ಹರದು ಕೊಲ್ಲತೈತಿ. ಹುಳಕ್ಕ ಅದು ಮೊದಲೇ ರೂಢಿಯಾಗಿದ್ರ ಮಾತ್ರ ತಾಗೂದಿಲ್ಲ, ಸುಮ್ಮನ ಕಿಡ್ನಿಗೆ ಪೆಟ್ಟು ಬೀಳತೈತಿ. ತಾಗತೈತೋ ಇಲ್ಲೋ ಅನ್ನೂ ವರದಿ ಬರಾಕ ಮೂರು ದಿನ ಬೇಕು. ಈಕಿ ಎಂದಾದ್ರೂ ಅದನ್ನ ತಗೊಂಡಿದ್ರ ಈಗೇ ಹೇಳ್ರಿ, ಪುಣೆಯಿಂದ ಬ್ಯಾರೆ ಔಷಧ ಇವತ್ತೇ ತರಸ್ತೀನಿ ಅಂದ್ರು.

ಬಸಣ್ಣಗ ಡಬ್ಬಿ ನೆನಪಾತು. ಪಕ್ಕದಾಗ ಇಂದುಬಾಯಿ ಅಣ್ಣ ಶಂಕರೆಪ್ಪ ನಿಂತಿದ್ದ, ಸೊಲ್ಲಾಪುರದಾಗ ಚಾದರದ ಅಂಗಡಿ ಇಟ್ಟಾವ. ಕೋಳಿ ಸಾಕಾವನ ಮನಿ ನೀರು ಮುಟ್ಟೂದಿಲ್ಲ ಅಂತ ಹನ್ನೆರಡು ವರ್ಷದಿಂದ ತಂಗಿ ಹೊಸ್ತಿಲ ತುಳಿದಿರಲಿಲ್ಲ. ಅಂಥಾವನ ಮುಂದ, ನಿನ್ನ ತಂಗಿಗೆ ಕೋಳಿ ಔಷಧ ಕುಡಿಸೀನಿ ಅನ್ನೂದು ಹ್ಯಾಂಗ? ಆ ಹೊತ್ತಿನ್ಯಾಗ ಅಕಿ ಜೀವಕ್ಕಿಂತ ಇವನ ಮಾನಾನೇ ಹೆಚ್ಚಾತು, ಸುಡ್ಲಿ ಆ ಮಾನ.

"ಇಲ್ಲರಿ ಡಾಕ್ಟರ್ ಬಾಯಿ, ಅಂಥಾದ್ದೇನೂ ತಗೊಂಡಿಲ್ಲ" ಅಂದ.

ಇಂಜೆಕ್ಷನ್ ಶುರು ಆತು. ಮೂರನೇ ದಿನ ಮೂತ್ರ ನಿಂತಿತು. ಔಷಧ ತಾಗೂದಿಲ್ಲ ಅಂತ ವರದೀನೂ ಅವತ್ತೇ ಬಂತು. ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು. ಬಸಣ್ಣ ಓಡಿ ಹೋಗಿ ಡಾಕ್ಟರ್ ಕಾಲಿಗೆ ಬಿದ್ದು, ಶಂಕರೆಪ್ಪನ ಎದುರಿಗೇ ಎಲ್ಲಾ ಹೇಳಿದ. ಸಂಜಿಗೆ ಪುಣೆಗೆ ಫೋನು ಹೋತು. ಔಷಧ ನಾಳೆ ಬರತೈತಿ, ಕಿಡ್ನಿ ಕೈಬಿಟ್ಟಾವ, ಅಲ್ಲೀತನಕ ಅಕಿ ತಡೀತಾಳೋ ಇಲ್ಲೋ ಹೇಳಾಕ ಬರೂದಿಲ್ಲ ಅಂದ್ರು ಡಾಕ್ಟರ್. ಶಂಕರೆಪ್ಪ ಔಷಧದ ರೊಕ್ಕ ಕಟ್ಟಾಕ ಹೋದ. ಬೈದಿದ್ರ ಬಸಣ್ಣಗ ಹಗುರಾಗತಿತ್ತು.

ಹೆಂಡತಿ ಹಾಸಿಗಿ ಹತ್ರ ಬಂದು ಕೈ ಹಿಡಕೊಂಡ. "ತಪ್ಪಾತು ಇಂದು. ಡಾಕ್ಟರ್ ಕೇಳಿದಾಗ ನಾ ಸುಳ್ಳ ಹೇಳಿದೆ."

ಅಕಿ ಉಸಿರು ಎಳಕೋತ ಮೆಲ್ಲಕ ಅಂದ್ಲು, "ಗೊತ್ತೈತ್ರಿ. ನಾ ಎಚ್ಚರ ಇದ್ದೆ. ಡಬ್ಬಿ ಮ್ಯಾಲಿನ ಹೆಸರು ನನಗೂ ಗೊತ್ತಿತ್ತು. ಅಣ್ಣನ ಮುಂದ ನಿಮ್ಮ ಮಾತು ಸುಳ್ಳಾಗಬಾರದಂತ ನಾನೂ ಸುಮ್ಮನಿದ್ದೆ."

ಪುಣೆಯ ಔಷಧ ಮುಂಜಾನೆ ಎಂಟಕ್ಕ ಬಂತು. ಇಂದುಬಾಯಿ ಆರಕ್ಕ ಹೋಗಿದ್ಲು.